ಹದಿನೈದು ನಿಮಿಷದ ಆಕಾಶ: ವಿದೇಶದ ರಜೆಯಲ್ಲಿ ಹೊಣೆ ಯಾರದು?

ಶಿವಮೊಗ್ಗ: ಮಲೆನಾಡಿನ ಮಧ್ಯಮ ವರ್ಗದ ರಜೆಯ ಭೂಪಟ ಒಂದೇ ತಲೆಮಾರಿನಲ್ಲಿ ಗುರುತು ಸಿಗದಷ್ಟು ಬದಲಾಗಿದೆ. ಭದ್ರಾವತಿಯ ನ್ಯೂಟೌನ್ ಮತ್ತು ಪೇಪರ್ ಟೌನ್‌ಗಳ ಮನೆಗಳಲ್ಲಿ ಇಂದಿಗೂ ಹಳೆಯ ಆಲ್ಬಮ್‌ಗಳಿವೆ. ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ ಅಥವಾ ಎಂಪಿಎಂ ಕಾಗದ ಕಾರ್ಖಾನೆಯ ನೌಕರರು ಎಲ್‌ಟಿಸಿ ಮಂಜೂರಾದ ವರ್ಷ ಹೆಂಡತಿ ಮಕ್ಕಳೊಡನೆ ರೈಲು ಹತ್ತಿ ಕನ್ಯಾಕುಮಾರಿಯನ್ನೋ ಕಾಶಿಯನ್ನೋ ನೋಡಿಬಂದದ್ದು, ಮಂಜೂರಾಗದ ವರ್ಷ ಜೋಗದ ಕಟಕಟೆಗೆ ಒರಗಿ ನಿಂತದ್ದು, ಸಿಗಂದೂರಿನ ಲಾಂಚಿನಲ್ಲಿ ಬಸ್ಸಿನ ಪಕ್ಕ ನಿಂತು ಶರಾವತಿಯ ಹಿನ್ನೀರು ದಾಟಿದ್ದು, ಎಲ್ಲವೂ ಆ ಪುಟಗಳಲ್ಲಿವೆ. ಎಂಪಿಎಂ ಉತ್ಪಾದನೆ ನಿಂತು ಹತ್ತು ವರ್ಷವಾಯಿತು. 1923ರಲ್ಲಿ ಕಬ್ಬಿಣ ಕರಗಿಸಲು ತೊಡಗಿದ ವಿಐಎಸ್‌ಎಲ್ ಅನ್ನು ಮುಚ್ಚುವ ತೀರ್ಮಾನ 2023ರಲ್ಲಿ ಹೊರಬಿದ್ದು, ಬಳಿಕ ತಡೆಹಿಡಿಯಲ್ಪಟ್ಟಿತು. ಸಿಗಂದೂರಿನ ಹಿನ್ನೀರಿನ ಮೇಲೆ 2025ರ ಜುಲೈ 14ರಂದು ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಉದ್ಘಾಟನೆಗೊಂಡಿತು. ಆ ಆಲ್ಬಮ್‌ಗಳ ಮಕ್ಕಳು ಬೆಂಗಳೂರಿನಲ್ಲೋ ಹೊರದೇಶದಲ್ಲೋ ನೌಕರಿಯಲ್ಲಿದ್ದಾರೆ. ಈಗ ತಂದೆ ತಾಯಿಯ ರಜೆಯನ್ನು ನಿರ್ಧರಿಸುವವರು ಅವರೇ.

ಹೀಗಾಗಿ ಪೋಖರಾ, ಬಾಲಿ, ಇಂಟರ್ಲಾಕೆನ್, ಟರ್ಕಿಯ ಓಲುಡೆನಿಜ್ ಎಂಬ ಹೆಸರುಗಳು ಗಾಂಧಿ ಬಜಾರಿನ ಮಾತಿನಲ್ಲೂ ನುಸುಳಿವೆ. ಸೋಗಾನೆಯ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣ 2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡು, ಅದೇ ವರ್ಷ ಆಗಸ್ಟ್ 31ರಂದು ಮೊದಲ ಪ್ರಯಾಣಿಕ ವಿಮಾನವನ್ನು ಕಂಡಿತು. ಅಲ್ಲಿಂದ ವಿದೇಶಕ್ಕೆ ನೇರ ವಿಮಾನವೇನೂ ಇಲ್ಲ. ಆದರೆ ವಿಮಾನ ಹತ್ತುವುದು ದೊಡ್ಡ ಸುದ್ದಿಯಾಗಿದ್ದ ಕಾಲ ಮುಗಿಯಿತು. ವಿಮಾನ ಹತ್ತಿದವರಿಗೆ ಈಗ ಅದಕ್ಕಿಂತ ಮುಂದಿನದೊಂದು ಬೇಕು. ಕಾಲ ಕೆಳಗೆ ಏನೂ ಇಲ್ಲದ ಆಕಾಶ ಬೇಕು. ಪ್ಯಾರಾಗ್ಲೈಡಿಂಗ್ ಅದನ್ನು ಮಾರುತ್ತದೆ. ತರಬೇತಿ ಬೇಡ, ವಿಶೇಷ ದೇಹದಾರ್ಢ್ಯ ಬೇಡ. ಹಿಂದೆ ಒಬ್ಬ ಪೈಲಟ್ ಇರುತ್ತಾನೆ, ಕೋಲಿನ ತುದಿಯಲ್ಲಿ ಕ್ಯಾಮೆರಾ ಇರುತ್ತದೆ. ಇಳಿಯುವಷ್ಟರಲ್ಲಿ ವಿಡಿಯೋ ಮೊಬೈಲಿಗೆ ಬಂದಿರುತ್ತದೆ.

ಈ ಮಾರಾಟದ ಇನ್ನೊಂದು ಬದಿಯನ್ನು ನೋಡುವ ಅಗತ್ಯವಿದೆ. ಆಕಾಶಕ್ಕೆ ಏರಿಸುವವರು ಅನೇಕರಿದ್ದಾರೆ. ಏನಾದರೂ ಆದಾಗ ಉತ್ತರ ಹೇಳಬೇಕಾದವರು ಯಾರು ಎಂದು ಹುಡುಕಹೊರಟರೆ ಸರಪಳಿಯ ಕೊಂಡಿಗಳು ಒಂದೊಂದಾಗಿ ಕಳಚಿಕೊಳ್ಳುತ್ತವೆ.

ಗರುಡನ ವಿದ್ಯೆ

ಪ್ಯಾರಾಗ್ಲೈಡಿಂಗ್ ಬಹಳ ಹಳೆಯ ಕ್ರೀಡೆಯಲ್ಲ. 1978ರಲ್ಲಿ ಫ್ರಾನ್ಸಿನ ಆಲ್ಪ್ಸ್ ತಪ್ಪಲಿನ ಮಿಯುಸಿ ಎಂಬ ಊರಿನಲ್ಲಿ ಮೂವರು ಪ್ಯಾರಾಚೂಟ್ ಹವ್ಯಾಸಿಗಳು ವಿಮಾನದ ಬಾಡಿಗೆ ಉಳಿಸಲು ಗುಡ್ಡದ ಇಳಿಜಾರಿನಲ್ಲಿ ಓಡಿ ಹಾರಿದ್ದೇ ಇದರ ಆರಂಭವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ರೆಕ್ಕೆಯೆಂಬುದು ಒಂದರ ಪಕ್ಕ ಒಂದು ಹೊಲಿದ ಬಟ್ಟೆಯ ಚೀಲಗಳ ಸಾಲು. ಮುಂಬದಿಯ ಬಾಯಿಗಳಿಂದ ಗಾಳಿ ನುಗ್ಗಿ ಚೀಲಗಳು ಉಬ್ಬಿದಾಗ ಮಾತ್ರ ಅದು ರೆಕ್ಕೆ, ಇಲ್ಲವಾದರೆ ಬರೀ ಬಟ್ಟೆ. ಅದರಲ್ಲಿ ಕಂಬಿಯಿಲ್ಲ, ಚೌಕಟ್ಟಿಲ್ಲ, ಎಂಜಿನ್ ಇಲ್ಲ. ನಿಶ್ಚಲ ಗಾಳಿಯಲ್ಲಿ ಅದು ಗಂಟೆಗೆ ಸುಮಾರು 35 ಕಿ.ಮೀ. ವೇಗದಲ್ಲಿ ಮುಂದೆ ಸಾಗುತ್ತಾ ಸೆಕೆಂಡಿಗೆ ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಕೆಳಗಿಳಿಯುತ್ತದೆ.

ಈ ಸರಳ ಲೆಕ್ಕದಲ್ಲಿ ಇಡೀ ವ್ಯಾಪಾರ ಅಡಗಿದೆ. ಹಿಮಾಚಲದ ಬಿಲ್ಲಿಂಗ್ ಸುಮಾರು 2,400 ಮೀಟರ್ ಎತ್ತರದಲ್ಲಿದ್ದು, ಇಳಿಯುವ ತಾಣವಾದ ಬೀರ್ ಅದಕ್ಕಿಂತ 900 ಮೀಟರಿನಷ್ಟು ಕೆಳಗಿದೆ. ಗಾಳಿ ಮೇಲಕ್ಕೆತ್ತದಿದ್ದರೆ ಹದಿನೈದು ನಿಮಿಷದೊಳಗೆ ಕಾಲು ನೆಲ ಮುಟ್ಟುತ್ತದೆ. ಓಲುಡೆನಿಜ್‌ನ ಬಾಬಾದಾಗ್ ಪರ್ವತ 1,969 ಮೀಟರ್ ಎತ್ತರವಿದ್ದು, ಅದರ ತುದಿಯ ಬಳಿಯಿಂದ ಹಾರಿದವರು ಇಳಿಯುವುದು ಸಮುದ್ರದ ದಂಡೆಯ ಮೇಲೆ. ಅಲ್ಲಿ ಯಾವ ಗಾಳಿಯ ನೆರವೂ ಇಲ್ಲದೆ ಅರ್ಧ ಗಂಟೆಯ ಹಾರಾಟ ಸಿಗುತ್ತದೆ. ಪ್ರವಾಸಿಗರು ಅಲ್ಲಿಗೆ ಮುಗಿಬೀಳುವುದಕ್ಕೆ ನೀಲಿ ಸಮುದ್ರವಷ್ಟೇ ಕಾರಣವಲ್ಲ. ಇತರ ಕಡೆ ಹಾರಾಟ ದೀರ್ಘವಾಗಬೇಕಾದರೆ ಮೇಲೇರುವ ಬಿಸಿಗಾಳಿಯನ್ನು ಹುಡುಕಿಕೊಳ್ಳಲೇಬೇಕು.

ಆ ಬಿಸಿಗಾಳಿಯನ್ನು ನೋಡಲು ಆಲ್ಪ್ಸ್‌ಗೆ ಹೋಗಬೇಕಾಗಿಲ್ಲ. ಫೆಬ್ರುವರಿ ಮಾರ್ಚ್‌ನ ಮಧ್ಯಾಹ್ನ, ಕೊಯ್ಲು ಮುಗಿದ ಭದ್ರಾ ಅಚ್ಚುಕಟ್ಟಿನ ಗದ್ದೆಗಳ ಮೇಲೆ ಗರುಡ ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುವುದನ್ನು ಭದ್ರಾವತಿಯ ಯಾವ ಹುಡುಗನೂ ಕಂಡಿರುತ್ತಾನೆ. ಕಾದ ನೆಲದಿಂದ ಏಳುವ ಗಾಳಿಯ ಕಂಬದೊಳಗೆ ಅದು ಸುತ್ತುತ್ತಿರುತ್ತದೆ. ಪ್ಯಾರಾಗ್ಲೈಡರ್ ಮಾಡುವುದೂ ಇದನ್ನೇ. ವ್ಯತ್ಯಾಸವಿಷ್ಟೆ: ಕಂಬದ ಅಂಚಿನಲ್ಲಿ ಗಾಳಿ ಕೆಳಮುಖವಾಗಿ ಹರಿಯುತ್ತದೆ. ಅಲ್ಲಿ ಗರುಡ ಗರಿಗಳನ್ನು ಹೊಂದಿಸಿಕೊಳ್ಳುತ್ತದೆ, ಬಟ್ಟೆಯ ರೆಕ್ಕೆ ಒಂದು ಬದಿ ಮಡಚಿಕೊಳ್ಳಬಹುದು. ಎತ್ತರದಲ್ಲಿ ಹಾಗಾದರೆ ರೆಕ್ಕೆ ಸಾಮಾನ್ಯವಾಗಿ ತಾನೇ ತೆರೆದುಕೊಳ್ಳುತ್ತದೆ, ತೆರೆಯದಿದ್ದರೆ ತುರ್ತು ಪ್ಯಾರಾಚೂಟ್ ಇದೆ. ನೆಲದ ಹತ್ತಿರ ಹಾಗಾದರೆ ಎರಡಕ್ಕೂ ಸಮಯವಿಲ್ಲ. ಪ್ರವಾಸಿಗ ಹೆದರುವುದು ಎತ್ತರಕ್ಕೆ, ಅನುಭವಿ ಪೈಲಟ್ ಹೆದರುವುದು ನೆಲಕ್ಕೆ.

ಗಾಳಿಯ ಸಾಮರ್ಥ್ಯಕ್ಕೆ ಮೇಲಿನ ಮಿತಿಯೂ ಇಲ್ಲ. 2007ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯಾದ ಮ್ಯಾನಿಲ್ಲಾದಲ್ಲಿ ಸ್ಪರ್ಧೆಯ ಅಭ್ಯಾಸಕ್ಕಿಳಿದಿದ್ದ ಜರ್ಮನಿಯ ಏವಾ ವಿಸ್ನಿಯೆರ್ಸ್ಕಾ ಅವರನ್ನು ಗುಡುಗು ಮೋಡವೊಂದು 9,946 ಮೀಟರ್ ಎತ್ತರಕ್ಕೆ ಎಳೆದೊಯ್ದಿತು. ಎವರೆಸ್ಟ್‌ಗಿಂತ ಒಂದು ಕಿಲೋಮೀಟರ್ ಮೇಲೆ, ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ತೇಲಿದ ಅವರು ಬದುಕಿ ಇಳಿದರು. ಅದೇ ಮೋಡಕ್ಕೆ ಸಿಕ್ಕಿದ ಚೀನಾದ ಪೈಲಟ್ ಬದುಕಲಿಲ್ಲ. ಇಬ್ಬರೂ ಪಳಗಿದ ಪೈಲಟ್‌ಗಳು.

ಪಟ್ಟಿ ಬಿಗಿಯದವರು

ಆದರೆ ಪ್ರವಾಸಿಗರ ಸಾವುಗಳನ್ನು ಒಂದೊಂದಾಗಿ ಗಮನಿಸಿದರೆ ಇಂಥ ಮೋಡಗಳು ಸಿಗುವುದು ಅಪರೂಪ. ಸಿಗುವುದು ಇನ್ನೂ ಸಣ್ಣ ಸಂಗತಿಗಳು.

2021ರ ಡಿಸೆಂಬರ್‌ನಲ್ಲಿ ಬೆಂಗಳೂರಿನ 12 ವರ್ಷದ ಬಾಲಕನೊಬ್ಬ ಬೀರ್ ಬಿಲ್ಲಿಂಗ್‌ನಲ್ಲಿ ಜೋಡಿ ಹಾರಾಟದ ವೇಳೆ ಬಿದ್ದು ಮೃತಪಟ್ಟ. ಕನ್ನಡ ನಾಡಿನ ಕುಟುಂಬವೊಂದು ರಜೆಗೆ ಹೋಗಿ ಮಗನಿಲ್ಲದೆ ಮರಳಿದ ಈ ಘಟನೆಯನ್ನು ಹಿಮಾಚಲ ಪ್ರದೇಶ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಕೈಗೆತ್ತಿಕೊಂಡಿತು. 2022ರ ಜನವರಿಯಲ್ಲಿ ಅದು ಸಾಹಸ ಚಟುವಟಿಕೆಗಳಿಗೆ ತಡೆ ನೀಡಿ ತಪಾಸಣೆಗೆ ಆದೇಶಿಸಿತು. ಇಲ್ಲಿ ಗಮನಿಸಬೇಕಾದದ್ದು, ಹಿಮಾಚಲ ನಿಯಮಗಳಿಲ್ಲದ ರಾಜ್ಯವೇನೂ ಅಲ್ಲ. 2004ರಿಂದಲೇ ಅಲ್ಲಿ ಏರೋ ಸ್ಪೋರ್ಟ್ಸ್ ನಿಯಮಗಳಿವೆ. ಪ್ರತಿ ವರ್ಷ ಜುಲೈ 15ರಿಂದ ಸೆಪ್ಟೆಂಬರ್ 15ರ ವರೆಗೆ ಮಳೆಗಾಲದ ನಿಷೇಧ ಜಾರಿಯಾಗುತ್ತದೆ. 2015ರ ಪ್ಯಾರಾಗ್ಲೈಡಿಂಗ್ ವಿಶ್ವಕಪ್ ನಡೆದದ್ದು ಇದೇ ಬಿಲ್ಲಿಂಗ್‌ನಲ್ಲಿ. ನಿಯಮವಿದ್ದೂ ಸಾವು ಸಂಭವಿಸಿತು. ನ್ಯಾಯಾಲಯ ಮಧ್ಯಪ್ರವೇಶಿಸಿದ ನಂತರವೂ ಸಾವುಗಳು ನಿಲ್ಲಲಿಲ್ಲ. 2022ರ ಡಿಸೆಂಬರ್‌ನಲ್ಲಿ ಕುಲ್ಲು ಬಳಿಯ ಡೋಭಿಯಲ್ಲಿ ಮಹಾರಾಷ್ಟ್ರದ ಯುವಕನೊಬ್ಬ ಆಕಾಶದಿಂದಲೇ ಜಾರಿಬಿದ್ದ. 2024ರ ಫೆಬ್ರುವರಿಯಲ್ಲಿ ಅದೇ ಡೋಭಿಯಲ್ಲಿ ತೆಲಂಗಾಣದ ಯುವತಿ ಬಿದ್ದು ಸತ್ತಾಗ, ಸುರಕ್ಷತಾ ಪಟ್ಟಿಯನ್ನು ಪೈಲಟ್ ಸರಿಯಾಗಿ ಬಿಗಿದಿರಲಿಲ್ಲ ಎಂಬುದು ಪ್ರಾಥಮಿಕ ತನಿಖೆಯಲ್ಲಿ ಕಂಡ ಅಂಶ. ಪೈಲಟ್‌ನನ್ನು ಬಂಧಿಸಲಾಯಿತು.

2025ರ ಜನವರಿ 18ರಂದು ಗೋವಾದ ಕೇರಿ ಪ್ರಸ್ಥಭೂಮಿಯಿಂದ ಹಾರಿದ ಪುಣೆಯ ಯುವತಿ ಮತ್ತು ಆಕೆಯ ಪೈಲಟ್ ಇಬ್ಬರೂ ಕಮರಿಗೆ ಬಿದ್ದು ಸತ್ತರು. ಆ ಸಂಸ್ಥೆ ಅನುಮತಿಯಿಲ್ಲದೆ ಹಾರಾಟ ನಡೆಸುತ್ತಿತ್ತೆಂದು ಪೊಲೀಸರು ಮಾಲೀಕನ ಮೇಲೆ ಪ್ರಕರಣ ದಾಖಲಿಸಿದರು. ನಮ್ಮದೇ ಕಾರವಾರದ ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ 2020ರ ಅಕ್ಟೋಬರ್ 2ರಂದು ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆಯ ಕ್ಯಾಪ್ಟನ್ ಒಬ್ಬರು ಮೃತಪಟ್ಟರು. ಬೋಧಕ ಬದುಕುಳಿದ. ಕಡಲಿನೊಡನೆ ಜೀವಮಾನವಿಡೀ ಒಡನಾಡಿದವರನ್ನು ಕಡಲೇ ತೆಗೆದುಕೊಂಡಿತು.

ಇದೆಲ್ಲ ನಮ್ಮ ದೇಶದ ಅವ್ಯವಸ್ಥೆ, ವಿದೇಶದಲ್ಲಿ ಹೀಗಾಗದು ಎಂಬ ನಂಬಿಕೆ ನಮ್ಮ ಪ್ರವಾಸಿಗರಲ್ಲಿ ಬಲವಾಗಿದೆ. ಈ ನಂಬಿಕೆ ಅರ್ಧ ಸತ್ಯ. 2018ರಲ್ಲಿ ಸ್ವಿಟ್ಜರ್ಲೆಂಡಿನ ಇಂಟರ್ಲಾಕೆನ್ ಬಳಿ ಹ್ಯಾಂಗ್‌ಗ್ಲೈಡರ್ ಹತ್ತಿದ ಅಮೆರಿಕದ ಪ್ರವಾಸಿಯೊಬ್ಬನನ್ನು ಪೈಲಟ್ ರೆಕ್ಕೆಗೆ ಜೋಡಿಸುವುದನ್ನೇ ಮರೆತಿದ್ದ. ಎರಡು ನಿಮಿಷಕ್ಕೂ ಹೆಚ್ಚು ಕಾಲ ಆತ ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಪೈಲಟ್‌ನ ಬಟ್ಟೆ ಹಿಡಿದು ನೇತಾಡಿದ. ಮಣಿಕಟ್ಟು ಮುರಿದುಕೊಂಡು ಇಳಿದ. ಆತ ಪ್ರಕಟಿಸಿದ ವಿಡಿಯೋ ಜಗತ್ತು ಸುತ್ತಿತು. ಡೋಭಿಯ ಪೈಲಟ್‌ಗೂ ಇಂಟರ್ಲಾಕೆನ್‌ನ ಪೈಲಟ್‌ಗೂ ಆದ ಮರೆವಿನ ಸ್ವರೂಪ ಒಂದೇ. ದಿನಕ್ಕೆ ಹಲವು ಬಾರಿ ಅದೇ ಕೊಕ್ಕೆ, ಅದೇ ಪಟ್ಟಿ, ಅದೇ ಮಾತು. ಹಾರಾಟಕ್ಕಿಷ್ಟು ಎಂದು ಸಂಬಳ ಸಿಗುವ ಕೆಲಸದಲ್ಲಿ ಹಾರಾಟದ ಸಂಖ್ಯೆಯೇ ಸಂಪಾದನೆ. ಕೈಗೆ ಅಭ್ಯಾಸವಾದದ್ದನ್ನು ಕಣ್ಣು ಪರೀಕ್ಷಿಸುವುದಿಲ್ಲ.

ಸ್ವಿಟ್ಜರ್ಲೆಂಡಿಗೂ ನಮಗೂ ಇರುವ ವ್ಯತ್ಯಾಸ ಬೇರೆಡೆ ಇದೆ. 1999ರ ಜುಲೈ 27ರಂದು ಇಂಟರ್ಲಾಕೆನ್ ಸಮೀಪದ ಸ್ಯಾಕ್ಸೆಟ್ ಹಳ್ಳದಲ್ಲಿ ಕಣಿವೆ ಇಳಿಯುವ ಸಾಹಸಕ್ಕೆ ಹೊರಟಿದ್ದ ತಂಡಗಳ ಮೇಲೆ ದಿಢೀರ್ ಪ್ರವಾಹ ಎರಗಿ 21 ಮಂದಿ ಸತ್ತರು. ಸಂಸ್ಥೆಯ ಮುಖ್ಯಸ್ಥರಿಗೆ 2001ರಲ್ಲಿ ನ್ಯಾಯಾಲಯ ಶಿಕ್ಷೆ ವಿಧಿಸಿತು. ಇಂಥ ಅಪಾಯಕಾರಿ ಚಟುವಟಿಕೆಗಳಿಗೆ ಪರವಾನಗಿ ಮತ್ತು ವಿಮೆ ಕಡ್ಡಾಯಗೊಳಿಸುವ ಪ್ರತ್ಯೇಕ ಕಾಯ್ದೆ 2014ರ ಜನವರಿ 1ರಿಂದ ಅಲ್ಲಿ ಜಾರಿಗೆ ಬಂತು. ಹದಿನಾಲ್ಕು ವರ್ಷ ಹಿಡಿಯಿತು, ಆದರೂ ಬಂತು. ಪ್ಯಾರಾಗ್ಲೈಡಿಂಗ್ ಅಲ್ಲಿ ವಿಮಾನಯಾನ ಕಾನೂನಿನ ವ್ಯಾಪ್ತಿಯಲ್ಲಿದ್ದು, ಪ್ರಯಾಣಿಕರನ್ನು ಹೊತ್ತು ಹಾರುವವನಿಗೆ ಬೇರೆಯೇ ಪರೀಕ್ಷೆಯಿದೆ. ಅಲ್ಲಿ ಪೈಲಟ್ ತಪ್ಪಿದರೆ ಪ್ರಶ್ನಿಸಲು ಒಂದು ಕಚೇರಿ, ಒಂದು ಪರವಾನಗಿ, ಒಂದು ವಿಮೆ ಇರುತ್ತದೆ.

ಕಾಗದದ ಪ್ಯಾರಾಚೂಟ್

ಶಿವಮೊಗ್ಗದ ಕುಟುಂಬವೊಂದು ವಿದೇಶ ಪ್ರವಾಸ ಕೊಳ್ಳುವ ಬಗೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಹಣ ಕಟ್ಟಿಸಿಕೊಳ್ಳುವುದು ಊರಿನ ಏಜೆಂಟ್. ಆತ ಬೆಂಗಳೂರಿನ ಅಥವಾ ಮುಂಬಯಿಯ ದೊಡ್ಡ ಸಂಸ್ಥೆಯೊಂದರ ಪ್ಯಾಕೇಜನ್ನು ಮಾರುತ್ತಾನೆ. ಆ ಸಂಸ್ಥೆ ಹೊರದೇಶದ ಸ್ಥಳೀಯ ಕಂಪನಿಗೆ ಕೆಲಸ ವಹಿಸುತ್ತದೆ. ಆ ಕಂಪನಿ ಹಾರಾಟದ ಕ್ಲಬ್ ಒಂದನ್ನು ತೋರಿಸುತ್ತದೆ, ಕ್ಲಬ್ ಆ ದಿನ ಲಭ್ಯವಿರುವ ಪೈಲಟ್‌ನನ್ನು ಕರೆಸುತ್ತದೆ. ಪ್ರವಾಸಿಗನಿಗೂ ತನ್ನ ಜೀವ ಹಿಡಿದವನಿಗೂ ನಡುವೆ ನಾಲ್ಕು ಕೈಗಳಿವೆ. ಇಷ್ಟಾಗಿಯೂ ಮುದ್ರಿತ ಪ್ರವಾಸ ಕಾರ್ಯಕ್ರಮದಲ್ಲಿ ಪ್ಯಾರಾಗ್ಲೈಡಿಂಗ್ ‘ಐಚ್ಛಿಕ’ ಎಂಬ ಶೀರ್ಷಿಕೆಯಡಿ ಇರುತ್ತದೆ, ಹಣ ಸ್ಥಳದಲ್ಲೇ ನಗದಾಗಿ ಕೊಡಬೇಕಾಗುತ್ತದೆ. ಆ ಒಂದು ಪದದಿಂದ ಮೇಲಿನ ಮೂವರೂ ದೂರ ಸರಿಯಲು ಅವಕಾಶ ಸಿಗುತ್ತದೆ. ನಾವು ಮಾರಿಲ್ಲ, ಅವರೇ ಹೋದರು.

ಉಳಿಯುವುದು ಬೆಟ್ಟದ ತುದಿಯಲ್ಲಿ ಸಹಿ ಹಾಕಿಸಿಕೊಳ್ಳುವ ಹಾಳೆ. ಸರದಿಯಲ್ಲಿ ನಿಂತು, ಗಾಳಿಗೆ ಹಾರುವ ಕಾಗದವನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ಓದದೆ ಹಾಕುವ ಸಹಿ. ಕೆಲವೆಡೆ ಅದು ಆ ದೇಶದ ಭಾಷೆಯಲ್ಲೇ ಇರುತ್ತದೆ. ಸಹಿ ಹಾಕಿದ ಮೇಲೆ ಎಲ್ಲ ಹಕ್ಕೂ ಹೋಯಿತೆಂದು ನಮ್ಮವರು ತಿಳಿಯುತ್ತಾರೆ. ಕ್ರೀಡೆಯ ಸಹಜ ಅಪಾಯವನ್ನು ಒಪ್ಪಿಕೊಂಡ ಮಾತ್ರಕ್ಕೆ ಪೈಲಟ್‌ನ ನಿರ್ಲಕ್ಷ್ಯವನ್ನೂ ಒಪ್ಪಿಕೊಂಡಂತಾಗುವುದಿಲ್ಲ. ಭಾರತದೊಳಗೆ ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದ ವರೆಗೆ ಶಿಕ್ಷೆಯಿದೆ. ಹಳೆಯ ದಂಡ ಸಂಹಿತೆಯ 304ಎ ಕಲಮಿನಲ್ಲಿ ಇದ್ದದ್ದು ಎರಡು ವರ್ಷ. ಹೊರದೇಶದಲ್ಲಿ ನಡೆದದ್ದಕ್ಕೆ ಆ ನೆಲದ ಕಾನೂನೇ ಗತಿ. ಅಲ್ಲಿಯ ವಕೀಲ, ಅಲ್ಲಿಯ ಭಾಷೆ, ಅಲ್ಲಿಯ ವಾಯಿದೆ. ಭದ್ರಾವತಿಯ ನಿವೃತ್ತ ನೌಕರನ ಕುಟುಂಬ ಅಂಥ ಮೊಕದ್ದಮೆಯನ್ನು ಎಷ್ಟು ದಿನ ನಡೆಸಬಲ್ಲದು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಏಜೆಂಟನ ಮಟ್ಟಿಗೆ ಒಂದು ಬಾಗಿಲು ತೆರೆದಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ ದೂರುದಾರ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮುಂಬಯಿಯ ಸಂಸ್ಥೆಯನ್ನು ಶಿವಮೊಗ್ಗಕ್ಕೆ ಕರೆಸಬಹುದು. ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗವೇ ವಿಚಾರಣೆ ನಡೆಸುತ್ತದೆ. ಇದಕ್ಕೆ ಬೇಕಾದದ್ದು ರಸೀದಿ. ಐಚ್ಛಿಕ ಹಾರಾಟವನ್ನೂ ಪ್ಯಾಕೇಜಿನೊಳಗೆ ಸೇರಿಸಿ ಹಣ ಕಟ್ಟಿದವನ ಸ್ಥಿತಿ, ಬೆಟ್ಟದ ಮೇಲೆ ನಗದು ಎಣಿಸಿ ಕೊಟ್ಟವನ ಸ್ಥಿತಿಗಿಂತ ಬಹಳ ಗಟ್ಟಿ. ಸ್ಥಳದಲ್ಲಿ ಚೌಕಾಸಿ ಮಾಡಿ ಉಳಿಸುವ ಹಣಕ್ಕೆ ನಾವು ತೆರುವ ಬೆಲೆ ಇದು.

ವಿಮೆಯ ವಿಚಾರ ಇನ್ನೂ ಗಂಭೀರ. ಷೆಂಗೆನ್ ವೀಸಾ ಪಡೆಯಲು ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಏಜೆಂಟ್ ಅದನ್ನು ಮಾಡಿಸಿಕೊಡುತ್ತಾನೆ, ವೀಸಾ ಬರುತ್ತದೆ, ವಿಮೆ ಇದೆಯೆಂಬ ನೆಮ್ಮದಿಯೂ ಬರುತ್ತದೆ. ಆದರೆ ಸಾಮಾನ್ಯ ವಿದೇಶ ಪ್ರವಾಸ ಪಾಲಿಸಿಗಳು ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುತ್ತವೆ. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಪ್ರತ್ಯೇಕವಾಗಿ ಸೇರಿಸಿಕೊಂಡರೆ ಮಾತ್ರ ರಕ್ಷಣೆ, ಅದರಲ್ಲೂ ಪ್ಯಾರಾಗ್ಲೈಡಿಂಗ್ ಹೆಸರು ಇದೆಯೇ ಎಂದು ನೋಡಬೇಕು. ವೀಸಾ ಅಧಿಕಾರಿಗೆ ಸಾಕಾದ ಕಾಗದ ಆಸ್ಪತ್ರೆಯ ಗುಮಾಸ್ತನಿಗೆ ಸಾಲದು. ವೈಯಕ್ತಿಕ ಅಪಘಾತ ವಿಮೆಯಲ್ಲೂ ಇದೇ ಬಗೆಯ ಹೊರಗಿಡುವಿಕೆ ಸಾಮಾನ್ಯ. ಹೆಲಿಕಾಪ್ಟರ್ ಕರೆಸಿ ಬೆಟ್ಟದಿಂದ ಇಳಿಸುವುದು, ಬೆನ್ನುಹುರಿಯ ಶಸ್ತ್ರಚಿಕಿತ್ಸೆ, ಮಲಗಿದ ರೋಗಿಯನ್ನು ಸ್ಟ್ರೆಚರ್‌ನೊಡನೆ ವಿಮಾನದಲ್ಲಿ ಕರೆತರುವುದು, ಇವುಗಳ ವೆಚ್ಚದಲ್ಲಿ ಒಂದು ಮನೆಯೇ ಕರಗಬಹುದು. ಪ್ಯಾರಾಗ್ಲೈಡಿಂಗ್ ಅಪಘಾತಗಳಲ್ಲಿ ಕಾಲು ಮತ್ತು ಬೆನ್ನುಮೂಳೆಯ ಗಾಯಗಳೇ ಮುಖ್ಯ ಎಂಬುದನ್ನು ನೆನೆದರೆ ಈ ಮಾತು ಉತ್ಪ್ರೇಕ್ಷೆಯಲ್ಲ. ಇನ್ನು ಶವ ತರುವ ಸಂದರ್ಭ ಬಂದರೆ ಮರಣ ಪತ್ರ, ಶವ ಸಂರಕ್ಷಣೆಯ ಪ್ರಮಾಣಪತ್ರ, ರದ್ದುಗೊಳಿಸಿದ ಪಾಸ್‌ಪೋರ್ಟ್, ರಾಯಭಾರ ಕಚೇರಿಯ ನಿರಾಕ್ಷೇಪಣೆ, ಹೀಗೆ ಸಾಲುಸಾಲು ದಾಖಲೆ. ಈ ಅನುಮತಿಯನ್ನು ತ್ವರಿತಗೊಳಿಸಲು ಕೇಂದ್ರ ಆರೋಗ್ಯ ಸಚಿವಾಲಯ 2023ರ ಆಗಸ್ಟ್‌ನಲ್ಲಿ ‘ಇ-ಕೇರ್’ ಎಂಬ ಪೋರ್ಟಲ್ ಆರಂಭಿಸಿದ್ದು ಉಪಯುಕ್ತ ಕ್ರಮ.

ಮನೆಯಂಗಳದ ಗುಡ್ಡಗಳು

ಈ ಚರ್ಚೆ ಹೊರದೇಶಕ್ಕೆ ಹೋಗುವವರಿಗೆ ಮಾತ್ರ ಸೀಮಿತವಲ್ಲ. ವಿದೇಶದಲ್ಲಿ ಹಾರಿ ಬಂದವರು ನಮ್ಮಲ್ಲೇ ಏಕಿಲ್ಲ ಎಂದು ಕೇಳತೊಡಗಿದ್ದಾರೆ. ಪ್ರಶ್ನೆ ಸಹಜ. 1,343 ಮೀಟರ್ ಎತ್ತರದ ಕೊಡಚಾದ್ರಿಯಿದೆ, ತೀರ್ಥಹಳ್ಳಿ ತಾಲ್ಲೂಕಿನ ಕುಂದಾದ್ರಿಯಿದೆ. ರಾಜ್ಯದ ಪ್ರವಾಸೋದ್ಯಮ ನೀತಿಗಳಲ್ಲಿ ಸಾಹಸ ಪ್ರವಾಸೋದ್ಯಮ ಪದೇಪದೇ ಪ್ರಸ್ತಾಪವಾಗುತ್ತದೆ. ಹೊನ್ನೆಮರಡುವಿನಂಥ ಹಿನ್ನೀರಿನ ತಾಣದಲ್ಲಿ ಜಲಸಾಹಸ ಬಹಳ ಕಾಲದಿಂದ ನಡೆದುಬಂದಿದೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ರಾಜ್ಯ ಸರಕಾರದ್ದೇ ಸಂಸ್ಥೆ.

ಆದರೆ ಮಲೆನಾಡಿನ ಗುಡ್ಡ ಆಲ್ಪ್ಸ್ ಅಲ್ಲ. ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿಧಾಮದ ಭಾಗ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಘಟ್ಟದ ಅಂಚಿನಲ್ಲಿ ಹಾರಾಟದ ಮಾತೇ ಇಲ್ಲ. ಕುಂದಾದ್ರಿಗೆ ಸಮೀಪದ ಆಗುಂಬೆಯ ಮಳೆಯ ಪ್ರಮಾಣ ಏನೆಂಬುದು ಶಾಲಾ ಮಕ್ಕಳಿಗೂ ಗೊತ್ತು. ಗುಡ್ಡದ ಬುಡದಲ್ಲಿ ಇಳಿಯಲು ಬಯಲಿಲ್ಲ. ಕಾಡಿದೆ, ಅಡಕೆ ತೋಟವಿದೆ, ತೋಟದ ನಡುವೆ ವಿದ್ಯುತ್ ತಂತಿಯಿದೆ. ಅಡಕೆ ಮರದ ತುದಿಗೆ ಸಿಕ್ಕಿಕೊಂಡ ಪ್ರವಾಸಿಗನನ್ನು ಕೊನೆಗಾರರೇ ಇಳಿಸಬೇಕಾದೀತು. ಶಿವಮೊಗ್ಗದ ಸುತ್ತ ಹಾರಬೇಕೆಂದರೆ ಸೋಗಾನೆಯ ವಿಮಾನಗಳ ಮಾರ್ಗವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯ 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯು ಕ್ರೀಡಾ ನೀತಿ ಪ್ರಕಟಿಸಿತು. ಪ್ಯಾರಾಗ್ಲೈಡಿಂಗ್ ಹಾಗೂ ಪ್ಯಾರಾಮೋಟರಿಂಗ್ ಸೇರಿ 11 ಬಗೆಯ ಕ್ರೀಡೆಗಳನ್ನು ಅದು ಒಳಗೊಂಡಿದೆ. ಮೇಲೆ ಒಂದು ರಾಷ್ಟ್ರೀಯ ಒಕ್ಕೂಟ, ಅದರ ಕೆಳಗೆ ಪ್ರತಿ ಕ್ರೀಡೆಗೆ ಒಂದು ಸಂಘ, ಕೊನೆಗೆ ಜಿಲ್ಲೆಯ ಮಟ್ಟ ಎಂಬುದು ಅದರ ವಿನ್ಯಾಸ. ಸೇವೆ ನೀಡುವವರ ಮತ್ತು ಉಪಕರಣಗಳ ನೋಂದಣಿಯ ಮಾತೂ ಇದೆ. ನೀತಿ ಚೆನ್ನಾಗಿದೆ. ಆದರೆ ಕೇರಿಯ ಸಾವು ಸಂಭವಿಸಿದ್ದು ಆ ನೀತಿ ಪ್ರಕಟವಾಗಿ ಎರಡೂವರೆ ವರ್ಷ ಕಳೆದ ಮೇಲೆ. ಬಟ್ಟೆಯ ರೆಕ್ಕೆ ಬಿಸಿಲಿಗೆ ಸವೆಯುತ್ತದೆ. ನೂಲು ಸಡಿಲಗೊಂಡು ಗಾಳಿ ಸೋರತೊಡಗಿದರೆ ಹೊರನೋಟಕ್ಕೆ ಬಣ್ಣ ಮಾಸಿದಂತೆ ಕಾಣುವುದಷ್ಟೆ. ಅದನ್ನು ಅಳೆಯುವ ಉಪಕರಣ, ಹಗ್ಗದ ಬಲ ಪರೀಕ್ಷಿಸುವ ವ್ಯವಸ್ಥೆ, ವರ್ಷಕ್ಕೊಮ್ಮೆ ಸಹಿ ಹಾಕುವ ತಜ್ಞ, ಇಷ್ಟೂ ಇಲ್ಲದ ಜಿಲ್ಲೆಯಲ್ಲಿ ಪರವಾನಗಿ ಕೊಡುವ ಅಧಿಕಾರಿ ಯಾವುದನ್ನು ನೋಡಿ ಸಹಿ ಹಾಕಬೇಕು? ಕುಂದಾದ್ರಿಯಿಂದ ಹಾರಿಸುವ ಮೊದಲು ಸರಕಾರ ಉತ್ತರಿಸಬೇಕಾದ ಪ್ರಶ್ನೆ ಇದು.

ಹಾರಾಟವೇ ಬೇಡ ಎಂಬ ವಾದ ಈ ಲೇಖನದ್ದಲ್ಲ. ಓಡುತ್ತಿದ್ದ ಕಾಲಿಗೆ ನೆಲ ತಪ್ಪುವ ಆ ಕ್ಷಣ, ಅದರ ನಂತರದ ನಿಶ್ಶಬ್ದ, ಫೇವಾ ಸರೋವರದ ಆಚೆ ಏಳುವ ಹಿಮಶಿಖರಗಳು, ಇವನ್ನು ಕಂಡ ಅರವತ್ತರ ತಾಯಿಯೊಬ್ಬಳು ಊರಿಗೆ ಬಂದು ವರ್ಷವಿಡೀ ಹೇಳಿಕೊಂಡರೆ ಆ ಸಂತೋಷವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಜೋಗದ ಕಟಕಟೆಯಾಚೆ ಬಗ್ಗಿ ನೋಡಿದ ತಲೆಮಾರಿಗೂ ಇದೇ ಹಂಬಲವಿತ್ತು. ಆದರೆ ಕಟಕಟೆ ಗಟ್ಟಿಯಿತ್ತೇ ಎಂದು ಅವರು ಒಮ್ಮೆ ಅಲುಗಿಸಿ ನೋಡುತ್ತಿದ್ದರು.

ಪ್ಯಾರಾಗ್ಲೈಡಿಂಗ್‌ನಲ್ಲಿ ಅಲುಗಿಸಿ ನೋಡಬೇಕಾದವು ಕೆಲವೇ. ಎರಡು ತೊಡೆಯ ಪಟ್ಟಿ, ಎದೆಯ ಪಟ್ಟಿ, ಹಾರ್ನೆಸ್ ಅನ್ನು ರೆಕ್ಕೆಗೆ ಸೇರಿಸುವ ಎರಡು ಕೊಕ್ಕೆ. ಪೈಲಟ್ ಬಿಗಿದ ಮೇಲೂ ಸ್ವತಃ ಎಳೆದು ನೋಡಲು ಅರ್ಧ ನಿಮಿಷ ಸಾಕು. ಆ ದೇಶದ ಜೋಡಿ ಹಾರಾಟದ ಪರವಾನಗಿ ತೋರಿಸೆಂದು ಕೇಳಿದರೆ ನಿಜವಾದ ಪೈಲಟ್ ಸಿಡುಕುವುದಿಲ್ಲ. ತುರ್ತು ಪ್ಯಾರಾಚೂಟ್ ಎಲ್ಲಿದೆ ಎಂದು ಕೇಳಿದರೆ ಕೈ ಮಾಡಿ ತೋರಿಸುತ್ತಾನೆ. ಗಾಳಿ ಜಾಸ್ತಿಯಾಗಿದೆ, ಇಂದು ಬೇಡ ಎಂದು ಆತನೇ ಹೇಳಿದರೆ ಕೊಟ್ಟ ಹಣಕ್ಕಾಗಿ ಜಗಳ ತೆಗೆಯದೆ ಕೆಳಗಿಳಿದು ಬರಬೇಕು. ಮರುದಿನ ಬೆಳಿಗ್ಗೆ ವಿಮಾನವಿದೆ, ಇನ್ನೊಮ್ಮೆ ಬರಲಾಗದು, ಹೇಗಾದರೂ ಹಾರಿಸಿ ಎಂದು ಒತ್ತಾಯಿಸುವ ಪ್ರವಾಸಿಗರಲ್ಲಿ ನಮ್ಮವರೂ ಇರುತ್ತಾರೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಇವೆಲ್ಲ ಬೆಟ್ಟದ ಮೇಲಿನ ಮಾತು. ಅದಕ್ಕೂ ಮೊದಲಿನ ಕೆಲಸ ಊರಿನಲ್ಲೇ ಇದೆ. ಮುಂಗಡ ಕಟ್ಟುವಾಗ ಪ್ರವಾಸ ಕಾರ್ಯಕ್ರಮದ ‘ಐಚ್ಛಿಕ’ ಸಾಲಿನ ಪಕ್ಕದಲ್ಲಿ ಹಾರಾಟ ನಡೆಸುವ ಸಂಸ್ಥೆಯ ಹೆಸರು, ಅದರ ನೋಂದಣಿ ಸಂಖ್ಯೆ, ವಿಮೆ ಅನ್ವಯಿಸುತ್ತದೆಯೋ ಇಲ್ಲವೋ ಎಂಬ ಮೂರು ವಿವರಗಳನ್ನು ಬರೆಸಿಕೊಳ್ಳಬಹುದು. ಕೊಡುವುದಿಲ್ಲ ಎನ್ನಲು ಏಜೆಂಟರ ಬಳಿ ನ್ಯಾಯಸಮ್ಮತ ಕಾರಣವಿಲ್ಲ. ಕೊಡದವರಿಂದ ಹಾರಾಟ ಕೊಳ್ಳದಿರುವ ಆಯ್ಕೆ ಗ್ರಾಹಕನಿಗೆ ಅಲ್ಲೇ, ಅಂಗಡಿಯ ಮೆಟ್ಟಿಲ ಮೇಲೆಯೇ ಇದೆ.